ಡೆಂಕಣಿಕೋಟೆ ಸೀಮೆಯಲ್ಲಿ ಹಳೆಯ ಕಾರು: ದುರಸ್ತಿ, ಮಾರ್ಪಾಟು, ಕಾನೂನು

ಹಳೆಯ ಕಾರೊಂದನ್ನು ಕೊಂಡು, ಅದರ ಬಹುಪಾಲು ಕೆಲಸವನ್ನು ಸ್ವಂತ ಕೈಯಿಂದಲೇ ಮಾಡಿಕೊಂಡು ಓಡಿಸುವ ಹವ್ಯಾಸಕ್ಕೆ ಹಣಕ್ಕಿಂತ ಮುಂಚೆ ಮೂರು ಅನುಕೂಲಗಳು ಬೇಕಾಗುತ್ತವೆ. ಬಿಡಿಭಾಗಗಳ ಪೇಟೆ ಒಂದೇ ಹಗಲಿನಲ್ಲಿ ಹೋಗಿಬರುವಷ್ಟು ಹತ್ತಿರವಿರಬೇಕು, ಪೇಟೆಯಲ್ಲಿ ಸಿಗದ ಭಾಗವನ್ನು ಅಳತೆಗೆ ಸರಿಯಾಗಿ ಕಡೆದುಕೊಡುವ ಲೇತ್ ಕೆಲಸಗಾರರು ಇರಬೇಕು, ಮತ್ತು ತಗಡನ್ನು ತುಕ್ಕು ಬೇಗ ತಿನ್ನದಂತಹ ಹವೆಯಿರಬೇಕು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಗಡಿ ಊರಾದ ಡೆಂಕಣಿಕೋಟೆ, ಯಾರೂ ಯೋಜಿಸದೆಯೇ ಈ ಮೂರನ್ನೂ ಪಡೆದಿದೆ. ಇಲ್ಲಿಗೆ ಸಮೀಪದ ಹೊಸೂರಿನಲ್ಲಿ 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ, ಟಿವಿಎಸ್ 50 ಮೊಪೆಡ್ಡಿನ ಕಾರ್ಖಾನೆಗಳು ಬಂದವು. ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳ ಜೊತೆಗೆ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯಬಲ್ಲ ಕೈಗಳೂ ಬಂದವು. ಅತ್ತಿಬೆಲೆ ದಾಟಿದರೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಸಿಗುತ್ತವೆ. ಅಲ್ಲೂ ಸಿಗದದ್ದನ್ನು ಹುಡುಕಲು ಚೆನ್ನೈಯ ಪುದುಪೇಟೆಯಿದೆ. ಕರಾವಳಿಯ ಉಪ್ಪುಗಾಳಿ ತಲುಪದ ಈ ಎತ್ತರದ ಬಯಲಿನಲ್ಲಿ ತಗಡಿನ ಆಯುಷ್ಯ ಮಂಗಳೂರಿನಲ್ಲಾಗಲಿ ಚೆನ್ನೈಯಲ್ಲಾಗಲಿ ಇರುವುದಕ್ಕಿಂತ ಹೆಚ್ಚು.

ಈ ಹವ್ಯಾಸದಲ್ಲಿ ಜನರ ಕಣ್ಣಿಗೆ ಮೊದಲು ಬೀಳುವುದು ಮಾರ್ಪಾಟು, ಅಂದರೆ ಅಗಲವಾದ ಚಕ್ರ, ಹೊಸ ಬಣ್ಣ, ಬೇರೆ ಎಂಜಿನ್. ಆದರೆ ಹೆಚ್ಚಿನ ತಿಳಿವಳಿಕೆಯನ್ನು ಬೇಡುವುದು ದುರಸ್ತಿ. ಏಕೆಂದರೆ ದುರಸ್ತಿ ಮಾಡುವವನು ಮೂಲ ವಿನ್ಯಾಸಕಾರ ಏನನ್ನು ಯೋಚಿಸಿದ್ದನೆಂಬುದನ್ನು ಊಹಿಸಿ ಅರಿಯಬೇಕು, ಮಾರ್ಪಡಿಸುವವನಿಗೆ ಆ ಕಷ್ಟವನ್ನು ತಪ್ಪಿಸಿಕೊಳ್ಳುವ ದಾರಿ ಯಾವಾಗಲೂ ತೆರೆದಿರುತ್ತದೆ. ದುರಸ್ತಿಯನ್ನು ಚೆನ್ನಾಗಿ ಬಲ್ಲವರು ಮಾಡಿದ ಮಾರ್ಪಾಟುಗಳೇ ಬಹುಕಾಲ ಬಾಳುತ್ತವೆ ಎಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಭಾರತದಲ್ಲಿ ಹಳೆಯ ಕಾರು ಎಂದರೆ ಬೆರಳೆಣಿಕೆಯ ಮಾದರಿಗಳೇ ಆಗಿರುವುದಕ್ಕೆ ಕಾರು ತಯಾರಿಸಲು ಸರ್ಕಾರದ ಪರವಾನಗಿ ಬೇಕಿದ್ದ ಕಾಲದ ಅರ್ಥವ್ಯವಸ್ಥೆ ಕಾರಣ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯೊಂದರ ಯೋಜನೆಯನ್ನು ಸಿದ್ಧಪಡಿಸಿ ವಾಲ್‌ಚಂದ್ ಹೀರಾಚಂದರೊಡನೆ ಅದಕ್ಕಾಗಿ ಪ್ರಯತ್ನಿಸಿದರೂ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಮುಂದೆ ಆ ಸಂಸ್ಥೆಯ ಫಿಯಟ್ ಮತ್ತು ಪದ್ಮಿನಿ, ಹಿಂದುಸ್ತಾನ್ ಮೋಟರ್ಸಿನ ಅಂಬಾಸಡರ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇವಿಷ್ಟೇ ದಶಕಗಟ್ಟಲೆ ರಸ್ತೆಯನ್ನು ಆಳಿದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯಿಂದ ಹುಟ್ಟಿದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಕೊಳ್ಳುವವರಿಗೆ ಆಯ್ಕೆಯಿಲ್ಲದ ಆ ಕಾಲ ಹವ್ಯಾಸಿಗೆ ಒಂದು ವರವನ್ನು ಬಿಟ್ಟುಹೋಯಿತು: ಮಾದರಿ ಅಷ್ಟಾಗಿ ಬದಲಾಗದಿದ್ದುದರಿಂದ ಒಂದು ವರ್ಷದ ಕಾರಿನ ಎಷ್ಟೋ ಭಾಗಗಳು ಹಲವು ವರ್ಷಗಳ ಅನಂತರದ ಕಾರಿಗೂ ಹೊಂದುತ್ತವೆ, ಗುಜರಿಯಲ್ಲಿ ಸಿಕ್ಕ ತುಣುಕು ವ್ಯರ್ಥವಾಗುವುದು ಕಡಿಮೆ. ಹೆರಾಲ್ಡಿನ ಸಂಗತಿ ಇನ್ನೂ ಸ್ವಾರಸ್ಯಕರ. ಅದರ ಮುಂಭಾಗವಿಡೀ, ಮಡ್‌ಗಾರ್ಡುಗಳ ಸಮೇತ, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನಿನ ಪಕ್ಕದಲ್ಲಿ ನಿಂತು, ಬೇಕಾದರೆ ಟೈರಿನ ಮೇಲೆ ಕುಳಿತು ಕೆಲಸ ಮಾಡಬಹುದು. ಮನೆಯಂಗಳದ ಮೆಕ್ಯಾನಿಕ್ಕಿನ ಬೆನ್ನುನೋವನ್ನು ಅಷ್ಟು ಕಡಿಮೆ ಮಾಡಿದ ವಿನ್ಯಾಸ ಮತ್ತೆ ಬಂದಿಲ್ಲ.

ಈ ಕಾರುಗಳ ನಿಜವಾದ ಗುಣ ಅಡಗಿರುವುದು ಸವೆತವನ್ನು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಂಡ ರೀತಿಯಲ್ಲಿ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಗೆ ಸಿಲಿಂಡರ್ ಎಂದು ಹೆಸರು. ವರ್ಷಗಳ ಬಳಕೆಯಿಂದ ಅದರ ಒಳಗೋಡೆ ಸವೆದು, ವೃತ್ತಾಕಾರ ಕೆಟ್ಟು, ಪಿಸ್ಟನ್ನಿನ ಸುತ್ತಲಿನ ಉಂಗುರಗಳು, ಅಂದರೆ ರಿಂಗುಗಳು, ಗೋಡೆಗೆ ಬಿಗಿಯಾಗಿ ಒತ್ತಲಾರದೆ ಹೋಗುತ್ತವೆ. ಆಗ ಎಣ್ಣೆ ಮೇಲೇರಿ ಉರಿದು ಸೈಲೆನ್ಸರಿನಿಂದ ನೀಲಿ ಹೊಗೆ ಹೊರಡುತ್ತದೆ, ಏರಿನಲ್ಲಿ ಪಿಕಪ್ ಇಲ್ಲದಾಗುತ್ತದೆ. ಇದಕ್ಕೆ ಪರಿಹಾರವಾಗಿ ಸಿಲಿಂಡರನ್ನು ಯಂತ್ರದಲ್ಲಿ ಕೊರೆದು ತುಸು ಅಗಲಗೊಳಿಸಿ, ಆ ಹೊಸ ಅಳತೆಗೆ ಹೊಂದುವ ದೊಡ್ಡ ಪಿಸ್ಟನ್ ಹಾಕುವ ಕ್ರಮವನ್ನು ರೀಬೋರ್ ಎನ್ನುತ್ತಾರೆ. ಅಂಗುಲದ ಸಾವಿರದಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗಗಳಷ್ಟು ದೊಡ್ಡದಾದ ಪಿಸ್ಟನ್ನುಗಳು ಮೆಟ್ಟಿಲು ಮೆಟ್ಟಿಲಾಗಿ ಮಾರಾಟಕ್ಕಿದ್ದವು. ಕೊನೆಯ ಅಳತೆಯೂ ಮುಗಿದ ಮೇಲೆ ಒಳಗೆ ಹೊಸ ಕಬ್ಬಿಣದ ತೋಳು, ಅಂದರೆ ಸ್ಲೀವ್, ಕೂರಿಸಿ ಮೊದಲ ಅಳತೆಗೆ ಮರಳಬಹುದು. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್ ದಂಡದ ವಿಷಯದಲ್ಲಿ ಇದರ ತಿರುವುಮುರುವು ನಡೆಯುತ್ತದೆ: ದಂಡವನ್ನು ಉಜ್ಜಿ ಸಣ್ಣದಾಗಿಸಿ, ಅದನ್ನು ಹಿಡಿದಿರುವ ಬೇರಿಂಗನ್ನು ಅಷ್ಟೇ ದಪ್ಪಗೊಳಿಸುತ್ತಾರೆ. ಎಂಜಿನ್ ತಯಾರಿಸಿದವನೇ ಅದಕ್ಕೆ ನಾಲ್ಕೈದು ಜನ್ಮಗಳನ್ನು ಬರೆದಿಟ್ಟಿದ್ದ ಎಂದರೆ ತಪ್ಪಾಗದು. ಈ ಕೊರೆಯುವ, ಉಜ್ಜುವ ಕೆಲಸ ಮನೆಯಲ್ಲಿ ಆಗುವಂಥದಲ್ಲ. ಹವ್ಯಾಸಿ ಎಂಜಿನ್ ಇಳಿಸಿ, ಬಿಚ್ಚಿ, ತೊಳೆದು, ಅಳೆದು, ಹೊಸೂರಿನ ಅಥವಾ ಬೆಂಗಳೂರಿನ ಬೋರಿಂಗ್ ಅಂಗಡಿಗೆ ಒಯ್ಯುತ್ತಾನೆ, ಮರಳಿ ತಂದು ತಾನೇ ಜೋಡಿಸುತ್ತಾನೆ. ಪಿಸ್ಟನ್ ಕೊಂಡು ಕೈಗೆ ಬಂದ ಮೇಲೆಯೇ ಸಿಲಿಂಡರ್ ಕೊರೆಸಬೇಕೆಂಬುದು ಇಲ್ಲಿಯ ಮೊದಲ ಪಾಠ; ಪಿಸ್ಟನ್ನಿನ ಡಬ್ಬಿಯ ಮೇಲೆ ಅಚ್ಚಾದ ಅಳತೆಗೂ ಒಳಗಿರುವ ವಸ್ತುವಿನ ಅಳತೆಗೂ ಸಣ್ಣ ವ್ಯತ್ಯಾಸ ಇರಬಹುದು.

ದಿನಬಳಕೆಯ ಆರೈಕೆಗೆ ಇಷ್ಟು ದೊಡ್ಡ ಸಾಹಸ ಬೇಕಿಲ್ಲ. ಫೀಲರ್ ಗೇಜ್ ಎಂಬ, ನಿಗದಿತ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು ಕೈಯಲ್ಲಿದ್ದರೆ ಹಳೆಯ ಪೆಟ್ರೋಲ್ ಕಾರಿನ ಅರ್ಧ ರೋಗಗಳನ್ನು ಪತ್ತೆ ಮಾಡಬಹುದು. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸುವ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿಯುತ್ತ ಸೇರಿಸುತ್ತ ಇರುವ ಪಾಯಿಂಟುಗಳ ನಡುವಿನ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಅದು ಸವೆದು ಬದಲಾದರೆ ಕಿಡಿ ಹೊತ್ತುವ ಗಳಿಗೆಯೇ ತಪ್ಪುತ್ತದೆ. ಎಂಜಿನ್ನಿಗೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಕವಾಟಗಳು ಕಾದಾಗ ಹಿಗ್ಗುವುದರಿಂದ ಅವುಗಳ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತಾರೆ; ಟ್ಯಾಪೆಟ್ ಸೆಟ್ಟಿಂಗ್ ಎಂಬ ಈ ಕೆಲಸವನ್ನು ಅಲಕ್ಷಿಸಿದರೆ ಸಂದು ಹೆಚ್ಚಾದಾಗ ಟಕಟಕ ಸದ್ದು ಕೇಳಿಸುತ್ತದೆ, ಕಡಿಮೆಯಾದಾಗ ಯಾವ ಸದ್ದೂ ಇಲ್ಲದೆ ಕವಾಟ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸುಮ್ಮನಿರುವ ಟ್ಯಾಪೆಟ್ ಅಪಾಯಕಾರಿ ಎಂದು ಅನುಭವಿ ಮೆಕ್ಯಾನಿಕ್ಕುಗಳು ಎಚ್ಚರಿಸುವುದು ಇದಕ್ಕೇ.

ಊರಿನ ಎತ್ತರವೂ ಎಂಜಿನ್ನಿನ ಒಳಗೆ ಕೈಯಾಡಿಸುತ್ತದೆ. ಹೊಸೂರಿನ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿಂದ ಕೃಷ್ಣಗಿರಿಗೆ ಇಳಿಯುವಷ್ಟರಲ್ಲಿ ಈ ಎತ್ತರದಲ್ಲಿ ದೊಡ್ಡ ಪಾಲು ಕಳೆದುಹೋಗಿರುತ್ತದೆ. 900 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಇವೆರಡನ್ನೂ ಬೆರೆಸುವ ಕಾರ್ಬ್ಯುರೇಟರ್ ಗಾಳಿ ತೆಳುವಾದದ್ದನ್ನು ಪೂರ್ತಿಯಾಗಿ ಗುರುತಿಸಲಾರದೆ ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಬಿಡುತ್ತದೆ. ಚೆನ್ನೈಯಲ್ಲಿ ಸರಿಯಾಗಿ ಹೊಂದಿಸಿದ ಕಾರನ್ನು ಡೆಂಕಣಿಕೋಟೆಗೆ ತಂದಾಗ ಪ್ಲಗ್ಗಿನ ತುದಿ ಮಸಿಗಟ್ಟುವುದಕ್ಕೂ ಮೈಲೇಜು ಇಳಿಯುವುದಕ್ಕೂ ಇದೊಂದು ಕಾರಣ. ಈಗ ಇದರ ಎದುರು ದಿಕ್ಕಿನಿಂದ ಇನ್ನೊಂದು ಒತ್ತಡ ಬಂದಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತು, ಅದೀಗ ಎಲ್ಲೆಡೆಯ ಬಂಕುಗಳಿಗೆ ತಲುಪಿದೆ. ಎಥನಾಲಿಗೆ ಉರಿಯಲು 9 ಪಾಲು ಗಾಳಿ ಸಾಕು. ಆದ್ದರಿಂದ ಅದೇ ಕಾರ್ಬ್ಯುರೇಟರಿನಲ್ಲಿ ಈ ಮಿಶ್ರಣಕ್ಕೆ ಗಾಳಿ ಹೆಚ್ಚಾಗಿ, ಇಂಧನ ಸಾಲದಂತಾಗುತ್ತದೆ. ಎತ್ತರದಿಂದ ಬಂದ ದೋಷವೂ ಎಥನಾಲಿನಿಂದ ಬಂದ ದೋಷವೂ ಒಂದನ್ನೊಂದು ಭಾಗಶಃ ತೊಡೆದುಹಾಕುವ ಈ ವಿಚಿತ್ರ ಲಾಭ ಬಯಲುಸೀಮೆಯ ಕಾರುಗಳಿಗೆ ಉಂಟು. ಆದರೂ ಊಹೆಯ ಮೇಲೆ ಬಿಡದೆ, ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿಯೇ ತೀರ್ಮಾನಿಸಬೇಕು: ತಿಳಿಕಂದು ಸರಿ, ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ.

ಎಥನಾಲಿನ ಇನ್ನೆರಡು ಗುಣಗಳಿಗೆ ಮಾತ್ರ ಇಂತಹ ಸಮಾಧಾನವಿಲ್ಲ. ಅದು ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪಂಪಿನ ಪೊರೆ, ಪೈಪುಗಳು, ಸೀಲುಗಳನ್ನು ಎಥನಾಲ್ ತಡೆಯುವ ವಸ್ತುವಿನವುಗಳಿಂದ ಬದಲಿಸುವುದು ಹಳೆಯ ಕಾರು ಕೊಂಡವರ ಮೊದಲ ಖರ್ಚಾಗಬೇಕು, ಏಕೆಂದರೆ ಕಾದ ಎಂಜಿನ್ನಿನ ಮೇಲೆ ಸೋರುವ ಪೈಪಿನಷ್ಟು ದೊಡ್ಡ ಅಪಾಯ ಬೇರೆ ಇಲ್ಲ. ಎರಡನೆಯದಾಗಿ ಅದು ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಇದಕ್ಕೆ ಮೊದಲು, 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಾಗಲೂ ಹಳೆಯ ಎಂಜಿನ್ನುಗಳು ಇಂಥದೇ ಪರೀಕ್ಷೆಯನ್ನು ಎದುರಿಸಿದ್ದವು. ಸೀಸ ಕವಾಟ ಕೂರುವ ಜಾಗಕ್ಕೆ ರಕ್ಷಣೆಯಾಗಿದ್ದುದರಿಂದ, ಅದು ಹೋದ ಮೇಲೆ ಎರಕದ ಕಬ್ಬಿಣದ ಸಿಲಿಂಡರ್ ಮುಚ್ಚಳಗಳಲ್ಲಿ, ಅಂದರೆ ಹೆಡ್ಡುಗಳಲ್ಲಿ, ಆ ಜಾಗವನ್ನು ಕೊರೆದು ಗಟ್ಟಿಯುಕ್ಕಿನ ಬಳೆಗಳನ್ನು ಕೂರಿಸಬೇಕಾಯಿತು. ಅದೂ ಲೇತ್ ಅಂಗಡಿಯಲ್ಲಿಯೇ ಬಗೆಹರಿದ ಸಮಸ್ಯೆ.

ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಡೆಗೆ ಕಾಡಿನ ನಡುವೆ ತಿರುತಿರುಗಿ ಇಳಿಯುವ ರಸ್ತೆ ಹಳೆಯ ಕಾರಿನ ಬ್ರೇಕುಗಳಿಗೆ ಕಠಿಣ ಪರೀಕ್ಷೆ. ಚಕ್ರದ ಜೊತೆ ತಿರುಗುವ ಲೋಹದ ಡೋಲಿನೊಳಗೆ ಪಟ್ಟಿಗಳು ಹರಡಿಕೊಂಡು ಒತ್ತುವ ಡ್ರಮ್ ಬ್ರೇಕ್, ಉದ್ದನೆಯ ಇಳಿಜಾರಿನಲ್ಲಿ ಕಾದು ಹಿಡಿತ ಕಳೆದುಕೊಳ್ಳುತ್ತದೆ; ಅದಕ್ಕೇ ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ. ಬೇಸಿಗೆಯ ಏರಿನಲ್ಲಿ ಪೆಟ್ರೋಲ್ ಪೈಪಿನಲ್ಲಿಯೇ ಆವಿಯಾಗಿ ಎಂಜಿನ್ ನಿಂತುಹೋಗುವುದುಂಟು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಮದ್ದು. ಆದರೆ ಕಾವೇರಿ ಉತ್ತರ ವನ್ಯಜೀವಿಧಾಮದ ಅಂಚಿನ ಈ ರಸ್ತೆಗಳಲ್ಲಿ ಆನೆಗಳು ಓಡಾಡುವುದರಿಂದ ಸಂಜೆಯ ಮೇಲೆ ಬಾನೆಟ್ ತೆರೆದು ನಿಲ್ಲುವುದು ಯಾರಿಗೂ ಹಿತವಲ್ಲ. ಇಲ್ಲಿನ ಹವ್ಯಾಸಿಗೆ ಕಾರಿನ ಅಂದಕ್ಕಿಂತ ಅದರ ವಿಶ್ವಾಸಾರ್ಹತೆ ಮುಖ್ಯವಾಗುವುದಕ್ಕೆ ಇದೂ ಕಾರಣವಾಗಬಲ್ಲದು. ಸುತ್ತಲಿನ ಗ್ರಾನೈಟ್ ಕ್ವಾರಿಗಳ ಧೂಳು ಏರ್ ಫಿಲ್ಟರಿನ ಶತ್ರು. ಹಳೆಯ ಜೀಪುಗಳಲ್ಲಿ ಒಳಬರುವ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಅಲ್ಲಿಯೇ ಹಿಡಿದಿಡುವ ವ್ಯವಸ್ಥೆಯಿದ್ದು, ತೊಳೆದು ಎಣ್ಣೆ ಬದಲಿಸಿದರೆ ಅದು ಎಷ್ಟು ವರ್ಷವಾದರೂ ನಡೆಯುತ್ತದೆ.

ತುಕ್ಕಿನ ವಿಷಯ ಬೇಗ ಮುಗಿಸಬಹುದು. ಬಾಗಿಲ ಕೆಳಗಿನ ಹೊಸ್ತಿಲು, ಕಾಲಿಡುವ ತಳ, ಮುಂಗಾಜಿನ ರಬ್ಬರಿನ ಅಡಿ, ಸ್ಟೆಪ್ನಿ ಇಡುವ ಗುಂಡಿ ಇವು ತುಕ್ಕಿನ ತವರುಗಳು. ಮಾರುವವರು ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಹೊಡೆದಿರುತ್ತಾರೆ; ಕೊಳ್ಳುವವರು ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತವನ್ನು ಒಯ್ದರೆ ಅದು ಎಲ್ಲೆಲ್ಲಿ ಹಿಡಿಯುವುದಿಲ್ಲವೋ ಅಲ್ಲಲ್ಲಿ ಪುಟ್ಟಿ ದಪ್ಪವಾಗಿದೆಯೆಂದು ತಿಳಿಯುತ್ತದೆ. ಎಂಜಿನ್ ಕೆಟ್ಟಿದ್ದು ತಗಡು ಗಟ್ಟಿಯಿರುವ ಕಾರನ್ನು ಕೊಳ್ಳಬೇಕು, ಇದರ ತಿರುವುಮುರುವನ್ನಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯಿಂದ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಇದಕ್ಕೆ ಅಪವಾದ. ಅದರ ಮೈ ಫೈಬರ್ ಗ್ಲಾಸಿನದಾದ್ದರಿಂದ ತುಕ್ಕು ಹಿಡಿಯದು, ಬಿರುಕು ಬಿಟ್ಟರೆ ಗಾಜಿನ ನಾರಿನ ಹಾಸು ಮತ್ತು ರಾಳದಿಂದ ಮನೆಯಲ್ಲೇ ಮುಚ್ಚಬಹುದು. ಅದರ ಒಳಗಿನ ಚೌಕಟ್ಟು ಮಾತ್ರ ಉಕ್ಕಿನದೇ ಎಂಬುದನ್ನು ಮರೆತವರು ಮೋಸಹೋಗುತ್ತಾರೆ.

ಮಾರ್ಪಾಟುಗಳಲ್ಲಿ ಯಾವುದು ಸಲ್ಲುತ್ತದೆ ಎಂಬುದಕ್ಕೆ ಎರಡು ಪ್ರಶ್ನೆಗಳು ಸಾಕು: ಅದು ಬಳಕೆಯ ಯಾವ ಕೊರತೆಯನ್ನು ನೀಗುತ್ತದೆ, ಮತ್ತು ಅದನ್ನು ಬಿಚ್ಚಿ ಮೂಲ ಸ್ಥಿತಿಗೆ ಮರಳಿಸಲು ಸಾಧ್ಯವೇ? ಹಳೆಯ ಡೈನಮೋ ನಿಧಾನವಾಗಿ ಓಡುವಾಗ ಸಾಕಷ್ಟು ವಿದ್ಯುತ್ ಕೊಡದು. ಅದರ ಜಾಗದಲ್ಲಿ ಆಲ್ಟರ್ನೇಟರ್ ಹಾಕಿದರೆ ಸಂಜೆಯ ಸಂದಣಿಯಲ್ಲೂ ಬ್ಯಾಟರಿ ಇಳಿಯುವುದಿಲ್ಲ, ಬೇಡವೆಂದಾಗ ಬೋಲ್ಟು ಬಿಚ್ಚಿ ತೆಗೆಯಬಹುದು. ದೀಪಕ್ಕೆ ಹೋಗುವ ತೆಳು ವೈರಿನಲ್ಲಿ ದಾರಿಯುದ್ದಕ್ಕೂ ವೋಲ್ಟೇಜ್ ಸೋರುವುದನ್ನು ತಡೆಯಲು ರಿಲೇ, ಅಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತಿನ ದಾರಿಯನ್ನು ತೆರೆಯುವ ಸ್ವಿಚ್ಚು, ಅಳವಡಿಸುವುದು ಅಗ್ಗದ ಕೆಲಸ. ಕಣ್ಣು ಕುಕ್ಕುವ ಹೊಸ ಬಲ್ಬುಗಳಿಗಿಂತ ಅದು ಹೆಚ್ಚು ಬೆಳಕನ್ನು ಸರಿಯಾದ ಕಡೆಗೆ ಬೀರುತ್ತದೆ. ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದನ್ನೂ ಒಪ್ಪಬಹುದು, ಹಳೆಯ ಪಾಯಿಂಟುಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರೆ. ಅಳತೆ ಮೀರಿದ ಚಕ್ರಗಳ ಕತೆ ಬೇರೆ: ಸ್ಟಿಯರಿಂಗ್ ಭಾರವಾಗುತ್ತದೆ, ಬೇರಿಂಗುಗಳ ಮೇಲೆ ಲೆಕ್ಕಕ್ಕಿಲ್ಲದ ಹೊರೆ ಬೀಳುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ. ಸೈಲೆನ್ಸರ್ ತೆಗೆದವರಿಗೆ ಸಿಗುವುದು ಬಹುಮಟ್ಟಿಗೆ ಸದ್ದು ಮಾತ್ರ. ದೊಡ್ಡ ಎಂಜಿನ್ನನ್ನು ಹಾಕಿ ಮೊದಲಿನ ಡ್ರಮ್ ಬ್ರೇಕುಗಳನ್ನೇ ಉಳಿಸಿಕೊಳ್ಳುವುದಂತೂ ಅವಿವೇಕ. ವೇಗದ ಹಂಬಲಕ್ಕೆ ದಕ್ಷಿಣ ಭಾರತದಲ್ಲಿ ಬೇರೆಯೇ ಅಂಗಳವಿತ್ತು. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ ಮಾರ್ಪಡಿಸಿದ ಕಾರುಗಳು ದಶಕಗಳ ಕಾಲ ಪಂದ್ಯ ಓಡಿದವು, ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ನಿನಿಂದ ರೇಸ್ ಕಾರುಗಳನ್ನೇ ಕಟ್ಟಿದರು. ಆ ಕೆಲಸ ನಡೆಯಬೇಕಾದದ್ದು ಮುಚ್ಚಿದ ಪಥದಲ್ಲಿ, ಹೊಸೂರು ರಸ್ತೆಯಲ್ಲಲ್ಲ.

ಕಾನೂನು ಕೂಡ ಇದೇ ಗೆರೆಯನ್ನು ಎಳೆದಿದೆ, ಇನ್ನೂ ಬಿಗಿಯಾಗಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳ ಹೈಕೋರ್ಟಿನ ಸಡಿಲ ವ್ಯಾಖ್ಯಾನವೊಂದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತಳ್ಳಿಹಾಕಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಗ್ಯಾಸ್ ಅಥವಾ ಬ್ಯಾಟರಿಯಿಂದ ಓಡುವಂತೆ ಬದಲಿಸಲು ಮಾನ್ಯತೆ ಪಡೆದ ಕಿಟ್ಟುಗಳಿಗೆ ಅವಕಾಶವಿದೆ. ಬದಲಿ ಎಂಜಿನ್ ಹಾಕಿದರೆ ಆರ್‌ಟಿಒ ಕಚೇರಿಯಲ್ಲಿ ನಮೂದಿಸಬೇಕು. ತಿಳಿಸದೆ ಮಾಡಿದ ಮಾರ್ಪಾಟು ಅಪಘಾತದ ದಿನ ವಿಮೆಯ ಪರಿಹಾರಕ್ಕೇ ಅಡ್ಡಿಯಾಗಬಹುದು. ನೋಂದಣಿಯ ಮೊದಲ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ ಇದರ ಮೇಲೆ. ಗಡಿಯ ಜನರಿಗೆ ಇನ್ನೊಂದು ತೊಡಕಿದೆ: ಬೆಂಗಳೂರಿನಲ್ಲಿ ಕೊಂಡ ಕರ್ನಾಟಕ ನೋಂದಣಿಯ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಡೆಂಕಣಿಕೋಟೆಯಲ್ಲಿ ಇಟ್ಟುಕೊಂಡರೆ ಅದಕ್ಕೆ ತಮಿಳುನಾಡಿನ ಸಂಖ್ಯೆ ಪಡೆಯಬೇಕು, ಅದಕ್ಕೆ ಮೊದಲು ಕರ್ನಾಟಕದ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕಾರಿನ ಬೆಲೆಗಿಂತ ಕಾಗದದ ಓಡಾಟವೇ ದುಬಾರಿಯಾಗುವುದು ಇಲ್ಲಿ ವಿರಳವಲ್ಲ.

ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಕಾರುಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಬೇರೆಯೇ ದಾರಿ ತೆರೆಯಿತು. 20,000 ರೂಪಾಯಿ ಕೊಟ್ಟು ವಿಂಟೇಜ್ ನೋಂದಣಿ ಪಡೆದರೆ ಹತ್ತು ವರ್ಷ ಮಾನ್ಯತೆ, ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು ಸಿಗುತ್ತವೆ. ಚೌಕಟ್ಟು, ಮೈ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದ ವಾಹನ ಸಂಗ್ರಹಾಲಯ, ಕೊಯಮತ್ತೂರಿನ ಜೀಡೀ ಕಾರು ಸಂಗ್ರಹಾಲಯ ನೋಡಿದವರಿಗೆ ಇಂತಹ ಕಾರುಗಳ ಘನತೆ ತಿಳಿದಿರುತ್ತದೆ. ವಾರಕ್ಕೊಮ್ಮೆ ಸಮೀಪದ ತಳಿಗೋ ರಾಯಕೋಟೆಗೋ ಹೋಗಿಬರಲು ಬಯಸುವವರಿಗೆ ಈ ನೋಂದಣಿ ಅಷ್ಟಾಗಿ ಒಗ್ಗದು.

ಹೊಸದಾಗಿ ಕೈಹಾಕುವವರಿಗೆ ಕಾರ್ಬ್ಯುರೇಟರ್ ಇರುವ ಕೊನೆಯ ತಲೆಮಾರಿನ ಮಾರುತಿ 800 ಅತ್ಯಂತ ಸುಲಭದ ಗುರು. ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನನ್ನು ಇಬ್ಬರು ಸೇರಿ ಎತ್ತಬಹುದು, ಭಾಗಗಳು ಈಗಲೂ ಸಿಗುತ್ತವೆ. ಅದರ ನಂತರದ ಕಾರುಗಳೇ ಮುಂದಿನ ಒಗಟು. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾಗಿ, ಪೆಟ್ರೋಲನ್ನು ಸೂಜಿಯಂತಹ ಬಾಯಿಗಳಿಂದ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯೂ ಅದನ್ನು ನಡೆಸುವ ಪುಟ್ಟ ಕಂಪ್ಯೂಟರೂ ಬಂದವು. ಕಾರಿನ ದೋಷವನ್ನು ಯಾವ ಗ್ಯಾರೇಜಿನ ಸ್ಕ್ಯಾನರಿನಿಂದಲಾದರೂ ಓದಬಹುದಾದ ಏಕರೂಪದ ವ್ಯವಸ್ಥೆ ಕಡ್ಡಾಯವಾದದ್ದು 2010ರಿಂದ 2013ರ ನಡುವೆ, ಎರಡು ಹಂತಗಳಲ್ಲಿ. ನಡುವಿನ ಆ ಹತ್ತು ವರ್ಷಗಳ ಕಾರುಗಳಲ್ಲಿ ಕಂಪ್ಯೂಟರುಂಟು, ಅದರೊಡನೆ ಮಾತಾಡಲು ಸಾಮಾನ್ಯ ಭಾಷೆಯಿಲ್ಲ. ಸುಟ್ಟ ಸರ್ಕ್ಯೂಟ್ ಹಲಗೆಗೆ ರೀಬೋರ್ ಅಳತೆಗಳೂ ಇಲ್ಲ. ಆ ಕಾರುಗಳಲ್ಲಿ ಮೊದಲಿನವು ಈಗ 25 ವರ್ಷ ದಾಟುತ್ತಿವೆ. ಅವನ್ನು ಉಳಿಸಿಕೊಳ್ಳಬೇಕೆನ್ನುವವರು ಲೇತ್ ಅಂಗಡಿಯ ಜೊತೆಗೆ, ಬೆಸುಗೆ ಕಡ್ಡಿ ಹಿಡಿದು ಎಲೆಕ್ಟ್ರಾನಿಕ್ಸ್ ದುರಸ್ತಿ ಮಾಡುವವರ ಸ್ನೇಹವನ್ನೂ ಸಂಪಾದಿಸಬೇಕಾಗಿದೆ. ಹೊಸೂರಿನ ಕಾರ್ಖಾನೆಗಳ ಸುತ್ತ ಅಂಥವರೂ ಇಲ್ಲದಿಲ್ಲ.